ಮುಳ್ಳಿನ ಪೊದೆಯ ನೆರಳು

ಮಾವನ ಮಾತು ಕೇಳಿ ಬದುಕಿಕೊಂಡ ಮೊದಲ ನಾಯಕ ಮೋಶೆ. ಫರೋಹನ ಸೈನ್ಯದಿಂದ ತಪ್ಪಿಸಿಕೊಂಡು, ಸಮುದ್ರ ದಾಟಿ, ಮರುಭೂಮಿಗೆ ಬಂದು ಉಸ್ಸಪ್ಪಾ ಎನ್ನುವಷ್ಟರಲ್ಲಿ ಅವನಿಗೆ ಅಸಲು ಕಷ್ಟ ಶುರುವಾಯಿತು. ಅದು ಜನರ ದೂರು. ಬೆಳಗಿನಿಂದ ಕತ್ತಲಾಗುವವರೆಗೆ ಡೇರೆಯ ಮುಂದೆ ಸಾಲು. ಮಗಳನ್ನೂ ಮೊಮ್ಮಕ್ಕಳನ್ನೂ ಬಿಟ್ಟುಹೋಗಲು ಬಂದಿದ್ದ ಮಾವ ಇತ್ರೋ ಒಂದು ದಿನ ಇದನ್ನು ನೋಡಿದ. ಹೀಗೇ ಮಾಡಿದರೆ ನೀನೂ ಸಾಯುತ್ತೀ, ಈ ಜನರೂ ಸಾಯುತ್ತಾರೆ ಎಂಬರ್ಥದಲ್ಲಿ ಬೈದು, ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಎಂದು ಮುಖಂಡರನ್ನು ನೇಮಿಸುವ ಏರ್ಪಾಡು ಹೇಳಿಕೊಟ್ಟ. ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿ ಇದೆಲ್ಲ ಇದೆ. ಹೇಳಿದವನೇ ಊರಿಗೆ ಹೊರಟುಹೋದ. ಸಲಹೆ ಕೊಟ್ಟವರು ಮರುದಿನದ ಮೀಟಿಂಗಿಗೆ ಬರುವುದಿಲ್ಲ ಎಂಬ ಸಂಪ್ರದಾಯವೂ ಬಹುಶಃ ಅಲ್ಲಿಂದಲೇ ಹೊರಟದ್ದು.

ಇತ್ರೋ ಹೇಳಿದ ಹತ್ತಕ್ಕೊಬ್ಬರ ಸಾಲಿನ ಕಟ್ಟಕಡೆಯಲ್ಲಿ ಕೆಲವು ಕಾಲ ನಾನೂ ಇದ್ದೆ. ನಮ್ಮ ಕರಾವಳಿಯ ಕಥೋಲಿಕ ಚರ್ಚುಗಳಲ್ಲಿ ಊರನ್ನು ವಾಡೊಗಳಾಗಿ ಪಾಲು ಮಾಡಿರುತ್ತಾರೆ. ಈಗಿನವರು ವಾರ್ಡ್ ಅನ್ನುತ್ತಾರೆ. ಒಂದೊಂದು ವಾಡೊಗೆ ಒಬ್ಬ ಗುರ್ಕಾರ. ಅವನಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ, ಕುರ್ಚಿಯಿಲ್ಲ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮಗಳಿಗೆ ನಿಶ್ಚಯವಾಯಿತು, ಯಾವ ಅಣ್ಣತಮ್ಮಂದಿರು ಬಾವಿಕಟ್ಟೆಯ ವಿಷಯದಲ್ಲಿ ಮಾತು ಬಿಟ್ಟಿದ್ದಾರೆ ಎಂಬುದು ಫಾದರಿಗಿಂತ ಮೊದಲು ಅವನಿಗೆ ಗೊತ್ತಿರಬೇಕು. ಯಾರಾದರೂ ಕಡೆಯ ಉಸಿರಿನಲ್ಲಿದ್ದರೆ ಅಂತ್ಯಾಭ್ಯಂಗಕ್ಕೆ ಫಾದರನ್ನು ಕರೆತರುವವನು ಅವನು. ತೀರಿಕೊಂಡರೆ ಗಂಟೆ ಬಾರಿಸಲು ಹೇಳುವವನೂ, ಸಿಮಿತ್ರಿಯಲ್ಲಿ ಗುಂಡಿ ತೆಗೆಯುವವರನ್ನು ಹುಡುಕುವವನೂ ಅವನೇ. ಇಷ್ಟೆಲ್ಲ ಮಾಡಿ, ವರ್ಷದ ಕೊನೆಗೆ ವಂತಿಗೆ ವಸೂಲಿಗೆ ಹೊರಟಾಗ ಯಾವ ಮನೆಯವರೂ ಗೇಟು ತೆರೆಯದಿದ್ದರೆ ಅದೂ ಅವನ ಪಾಲಿನದೇ.

ನಾನು ಗುರ್ಕಾರನಾದ ಬಗೆಯನ್ನು ನ್ಯಾಯಸ್ಥಾಪಕರು ಎಂಬ ಗ್ರಂಥದ 9ನೆಯ ಅಧ್ಯಾಯ ನನಗಿಂತ ಚೆನ್ನಾಗಿ ಹೇಳುತ್ತದೆ. ಅಬೀಮೆಲೆಕನೆಂಬವನು ತನ್ನ ಎಪ್ಪತ್ತು ಮಂದಿ ಅಣ್ಣತಮ್ಮಂದಿರನ್ನು ಕೊಲ್ಲಿಸಿ ಅರಸನಾದ. ಅಡಗಿ ಜೀವ ಉಳಿಸಿಕೊಂಡ ಕಿರಿಯವನು ಯೋತಾಮ. ಅವನು ಬೆಟ್ಟ ಹತ್ತಿ ನಿಂತು ಊರವರಿಗೆ ಒಂದು ಕಥೆ ಹೇಳಿದ. ಮರಗಳಿಗೆಲ್ಲ ಒಬ್ಬ ಅರಸ ಬೇಕೆನಿಸಿತಂತೆ. ಎಣ್ಣೆಮರವನ್ನು ಕೇಳಿದರೆ, ನಾನು ಎಣ್ಣೆ ಕೊಡುವುದನ್ನು ಬಿಟ್ಟು ನಿಮ್ಮ ಮೇಲೆ ತೂಗಾಡಲು ಬರಲೇ ಎಂದಿತು. ಅಂಜೂರಕ್ಕೆ ತನ್ನ ಸಿಹಿಯ ಚಿಂತೆ, ದ್ರಾಕ್ಷಿಗೆ ತನ್ನ ರಸದ ಚಿಂತೆ. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದವು. ಅದಕ್ಕೆ ಬೇರೆ ಕೆಲಸವಿರಲಿಲ್ಲ. ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ ಎಂದಿತು. ಮುಳ್ಳಿನ ಪೊದೆಗೆ ಎಷ್ಟು ನೆರಳೆಂದು ಕೇಳುವ ಸ್ಥಿತಿಯಲ್ಲಿ ಯಾವ ಮರವೂ ಇರಲಿಲ್ಲ.

ನಮ್ಮ ವಾಡೊದ ಸಭೆಯಲ್ಲೂ ಹೀಗೇ ಆಯಿತು. ತೆಂಗಿನ ತೋಟದವರು, ಎಣ್ಣೆಗಾಣ ಬಿಟ್ಟು ಬರಲಿಕ್ಕಾಗುತ್ತದಾ ಮಾರಾಯ್ರೆ ಎಂದರು. ಟೀಚರ್ ಅಕ್ಕನಿಗೆ ಮಗಳ ಬಾಣಂತನಕ್ಕೆ ದುಬೈಗೆ ಹೋಗಲಿಕ್ಕಿತ್ತು. ಮತ್ತೊಬ್ಬರಿಗೆ ಮೊಣಕಾಲು. ಎಲ್ಲರ ಕಾರಣಗಳೂ ನಿಜವಾದವೇ. ಬ್ಯಾಂಕಿನ ಕೆಲಸದಿಂದ ಆಗಷ್ಟೇ ನಿವೃತ್ತನಾಗಿದ್ದ ನನಗೆ ಮಾತ್ರ ಹೇಳಲು ಏನೂ ಇರಲಿಲ್ಲ. ಎಣ್ಣೆಯಿಲ್ಲ, ಹಣ್ಣಿಲ್ಲ, ಮೊಣಕಾಲು ಗಟ್ಟಿ. ಸಾಲ ವಸೂಲಿ ಮಾಡಿ ಅಭ್ಯಾಸ ಉಂಟಲ್ಲ ಎಂದು ಯಾರೋ ಹೇಳಿದರು. ಚಪ್ಪಾಳೆ ಬಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, "ನಮ್ಮ ಮನೆಯಲ್ಲಿ ನಾಲ್ಕು ಜನ ನಿಮ್ಮ ಮಾತು ಕೇಳುವುದಿಲ್ಲ, ಇನ್ನು ಇಡೀ ವಾಡೊ ಕೇಳದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ" ಎಂದಳು.

ನಮ್ಮ ಧರ್ಮದಲ್ಲಿ ಒಂದು ವಿಚಿತ್ರವುಂಟು. ಅಧಿಕಾರ ಬೇಡವೆಂದು ಓಡಿದವರೇ ಹೆಚ್ಚಾಗಿ ಸಂತರಾಗಿದ್ದಾರೆ. 371ರಲ್ಲಿ ತೂರ್ ಪಟ್ಟಣದವರು ಮಾರ್ಟಿನನೆಂಬ ಸನ್ಯಾಸಿಯನ್ನು ಬಿಷಪ್ ಮಾಡಲು ಹುಡುಕಿಕೊಂಡು ಬಂದಾಗ ಆತ ಹೆಬ್ಬಾತುಗಳ ಗೂಡಿನಲ್ಲಿ ಅಡಗಿದನಂತೆ, ಹೆಬ್ಬಾತುಗಳು ಕೂಗಿ ಹಿಡಿದುಕೊಟ್ಟವಂತೆ. ದಂತಕಥೆ ಇರಬಹುದು, ಆದರೆ ಯುರೋಪಿನಲ್ಲಿ ಇವತ್ತಿಗೂ ನವೆಂಬರ್ 11ರ ಅವನ ಹಬ್ಬಕ್ಕೆ ಹೆಬ್ಬಾತಿನ ಅಡುಗೆ ಮಾಡುವುದು ನಿಜ. ಚಾಡಿ ಹೇಳಿದ್ದಕ್ಕೆ ಇಷ್ಟು ದೀರ್ಘ ಶಿಕ್ಷೆ ಅನುಭವಿಸಿದ ಪ್ರಾಣಿ ಬೇರೆಯಿಲ್ಲ. ಮಿಲಾನಿನ ಅಂಬ್ರೋಸ್ ಅವನಿಗಿಂತ ಪಾಪದವನು. 374ರಲ್ಲಿ ಬಿಷಪ್ ಆಯ್ಕೆಯ ಗಲಾಟೆಯನ್ನು ಶಾಂತಗೊಳಿಸಲು ಹೋದ ಸರಕಾರಿ ಅಧಿಕಾರಿ ಆತ. ಜನ ಅವನನ್ನೇ ಆರಿಸಿಬಿಟ್ಟರು. ಅವನಿಗಿನ್ನೂ ದೀಕ್ಷಾಸ್ನಾನವೂ ಆಗಿರಲಿಲ್ಲ. ಅವಸರದಲ್ಲಿ ದೀಕ್ಷೆ ಕೊಟ್ಟು, ವಾರ ಕಳೆಯುವಷ್ಟರಲ್ಲಿ ಬಿಷಪ್ ಮಾಡಿದರು. ಇನ್ನು 590ರಲ್ಲಿ ಪೋಪ್ ಆದ ಗ್ರೆಗೊರಿ, ಈ ಹೊಣೆಯಿಂದ ತಪ್ಪಿಸಿಕೊಳ್ಳಲು ನೋಡಿದ್ದೇಕೆಂದು ಆಕ್ಷೇಪಿಸಿದ ಇನ್ನೊಬ್ಬ ಬಿಷಪರಿಗೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಪಾಲಕನಾದವನು ಹೇಗಿರಬೇಕು ಎಂಬುದಕ್ಕೆ ಆ ಪುಸ್ತಕ ಸಾವಿರ ವರ್ಷ ಯುರೋಪಿನ ಬಿಷಪರುಗಳಿಗೆ ಪಠ್ಯವಾಯಿತು. ತನ್ನನ್ನು ದೇವರ ಸೇವಕರ ಸೇವಕ ಎಂದು ಬರೆದುಕೊಂಡವರೂ ಅವರೇ. ಪೋಪರು ಇವತ್ತಿಗೂ ಬಳಸುವ ಬಿರುದು ಅದು.

ಓಡದವರೂ ಇದ್ದರು. ಜೆಬೆದಾಯನ ಹೆಂಡತಿ ತನ್ನಿಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಯೇಸುವಿನ ಹತ್ತಿರ ಬಂದು, ನಿನ್ನ ರಾಜ್ಯದಲ್ಲಿ ಒಬ್ಬನನ್ನು ಬಲಕ್ಕೆ, ಇನ್ನೊಬ್ಬನನ್ನು ಎಡಕ್ಕೆ ಕೂರಿಸಿಕೋ ಎಂದು ಅಡ್ಡಬಿದ್ದು ಕೇಳಿದಳೆಂದು ಮತ್ತಾಯನು ಬರೆಯುತ್ತಾನೆ. ಮಾರ್ಕನು ಬರೆಯುವಾಗ ಮಕ್ಕಳೇ ಕೇಳಿದರು ಎನ್ನುತ್ತಾನೆ. ಮತ್ತಾಯನಿಗೆ ತಾಯಂದಿರ ಪರಿಚಯ ಹೆಚ್ಚಿತ್ತೆಂದು ಕಾಣುತ್ತದೆ. ಉಳಿದ ಹತ್ತು ಮಂದಿ ಶಿಷ್ಯರಿಗೆ ಇದನ್ನು ಕೇಳಿ ಸಿಟ್ಟು ಬಂತಂತೆ. ತಮಗೆ ಮೊದಲು ಹೊಳೆಯಲಿಲ್ಲವಲ್ಲ ಎಂದೇ ಸಿಟ್ಟು ಬಂದದ್ದೆಂದು ನನ್ನ ಗುಮಾನಿ. ನಾನು ಕಂಡ ಚರ್ಚಿನ ಮೀಟಿಂಗುಗಳಲ್ಲೂ ಸಿಟ್ಟಿನ ಮೂಲ ಹೆಚ್ಚಾಗಿ ಅದೇ.

ನನ್ನ ಬಾಲ್ಯದ ಗುರ್ಕಾರರು ಬೇರೆಯೇ ಜಾತಿಯವರು. ನಮ್ಮ ವಾಡೊದ ಗುರ್ಕಾರರೆಂದರೆ ನಮ್ಮ ಧನಿಗಳೂ ಹೌದು. ನಮ್ಮ ಅಜ್ಜ ಅವರ ಚಾಲಗೇಣಿ ಒಕ್ಕಲು. ಗೇಣಿ ಅಕ್ಕಿಯ ಮುಡಿ ಹೊತ್ತುಕೊಂಡು ಹೋಗುತ್ತಿದ್ದ ಅಂಗಳಕ್ಕೇ ಜಗಳದ ತೀರ್ಮಾನಕ್ಕೂ ಹೋಗಬೇಕು. ಅವರು ಕರಿ ಕೊಡೆ ಹಿಡಿದು ನಡೆದುಬರುವಾಗ ದಾರಿಯ ಬದಿಗೆ ಸರಿದು ನಿಲ್ಲಬೇಕು. ಮದುವೆಯ ಹಿಂದಿನ ದಿನದ ರೋಸಿನಲ್ಲಿ, ಗುರ್ಕಾರರು ಬಂದು ಕುರ್ಚಿಯಲ್ಲಿ ಕೂತ ಮೇಲೆಯೇ ಮದುಮಗಳ ತಲೆಗೆ ತೆಂಗಿನಹಾಲು ಬೀಳಬೇಕು. ಒಮ್ಮೆ ಅವರು ಬರುವುದು ತಡವಾಗಿ, ಸಂಜೆಗೆ ಹಿಂಡಿಟ್ಟ ಹಾಲು ಹುಳಿಬಂದು, ಹೆಂಗಸರು ಒಳಗೆ ಕೂತು ಮತ್ತೆ ಕಾಯಿ ತುರಿದದ್ದು ನನಗೆ ನೆನಪಿದೆ. ಯಾರೂ ತುಟಿ ಬಿಚ್ಚಲಿಲ್ಲ. ಕೆಟ್ಟವರೇನಲ್ಲ ಅವರು. ಕಾಲರಾ ಬಂದಾಗ ಮನೆಮನೆಗೆ ಗಂಜಿ ಕಳಿಸಿದವರು ಎಂದು ಅಜ್ಜಿ ಹೇಳುತ್ತಿದ್ದಳು. ಆದರೆ ಗಂಜಿ ಬಂದದ್ದೂ, ಗದರಿಕೆ ಬಂದದ್ದೂ ಒಂದೇ ಜಗಲಿಯಿಂದ. ಎರಡಕ್ಕೂ ಕೈಮುಗಿಯಬೇಕು.

ಇದು ಬದಲಾದದ್ದು ಪ್ರಸಂಗದಿಂದಲ್ಲ, ಧ್ಯಾನಕೂಟದಿಂದಲ್ಲ. ಎರಡನೆಯ ವತಿಕಾನ್ ಮಹಾಸಭೆ 1965ರಲ್ಲಿ ಮುಗಿದು, ಶ್ರೀಸಾಮಾನ್ಯ ವಿಶ್ವಾಸಿಗಳಿಗೂ ಚರ್ಚಿನಲ್ಲಿ ಹೊಣೆಯುಂಟೆಂದು ಹೇಳಿತ್ತು, ನಿಜ. ಆ ಮಾತು ರೋಮಿನಿಂದ ಹೊರಟು ನಮ್ಮ ವಾಡೊಗೆ ಬರುವಷ್ಟರಲ್ಲಿ ಧನಿಗಳ ಜಗಲಿ ಹತ್ತಿ ಅಲ್ಲೇ ಕೂತಿತ್ತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪದ, ಡಿಕ್ಲರೇಶನ್. ಉಳುವ ಗದ್ದೆ ತನಗೇ ಸೇರಬೇಕೆಂದು ಒಕ್ಕಲು ಕೊಡುವ ಅರ್ಜಿ ಅದು. ಅಜ್ಜನೂ ರಾತ್ರಿಯಿಡೀ ನಿದ್ದೆಗೆಟ್ಟು, ಜಪಸರ ಹಿಡಿದು ಕೂತು, ಬೆಳಿಗ್ಗೆ ಹೋಗಿ ಡಿಕ್ಲರೇಶನ್ ಕೊಟ್ಟು ಬಂದ. ಮುಂದಿನ ಭಾನುವಾರ ಪೂಜೆಯಲ್ಲಿ ಧನಿಗಳ ಬೆಂಚಿನಿಂದ ಆದಷ್ಟು ದೂರ ಕಂಬದ ಹಿಂದೆ ನಿಂತಿದ್ದ. ಭೂನ್ಯಾಯ ಮಂಡಳಿಯಲ್ಲಿ ಗದ್ದೆ ನಮ್ಮದಾಯಿತು. ಕೆಲವು ವರ್ಷಗಳಲ್ಲಿ ಗುರ್ಕಾರರ ಕುರ್ಚಿಯೂ ಖಾಲಿಯಾಯಿತು. ಆಮೇಲೆ ಅದರಲ್ಲಿ ಕೂತವರು ಮೇಷ್ಟ್ರು, ಬಸ್ಸಿನ ಕಂಡಕ್ಟರು, ಅವರ ನಂತರ ನಾನು. ನಿಮ್ಮಲ್ಲಿ ದೊಡ್ಡವನಾಗಬೇಕೆಂದಿರುವವನು ಎಲ್ಲರ ಆಳಾಗಲಿ ಎಂದು ಯೇಸು ಹೇಳಿ ಎರಡು ಸಾವಿರ ವರ್ಷವಾಗುತ್ತ ಬಂದಿತ್ತು. ಅದು ನಮ್ಮ ವಾಡೊದಲ್ಲಿ ಜಾರಿಯಾಗಲು ಬೆಂಗಳೂರಿನಲ್ಲಿ ಒಂದು ಕಾಯ್ದೆ ಪಾಸಾಗಬೇಕಾಯಿತು. ಗುರ್ಕಾರನ ಹಿಂದೆ ಗದ್ದೆಯಿಲ್ಲ, ಗೇಣಿಯಿಲ್ಲ, ಗದರಿದರೆ ಕೇಳುವವರಿಲ್ಲ. ಹೊಣೆ ಮಾತ್ರ ಹಾಗೇ ಉಳಿಯಿತು. ಇತ್ರೋ ಯೋಚಿಸಿದ್ದು ಇದನ್ನೇ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಗುರ್ಕಾರನಾದವನು ಪಾಲನಾ ಮಂಡಳಿಯಲ್ಲೂ ಕೂರಬೇಕು. ಇಲ್ಲಿ ಒಂದು ತಮಾಷೆ ಹೇಳಬೇಕು. ಚರ್ಚಿನ ಕಾನೂನು ಸಂಹಿತೆ 1983ರದ್ದು. ಅದರ 536ನೆಯ ಕಲಮಿನಂತೆ, ವಿಶ್ವಾಸಿಗಳ ಆತ್ಮಗಳ ಯೋಗಕ್ಷೇಮಕ್ಕೆ ಸಂಬಂಧಿಸಿದ ಮಂಡಳಿಯನ್ನು ಬಿಷಪರಿಗೆ ಉಚಿತವೆನಿಸಿದರೆ ಮಾಡಬಹುದು. ಅದರ ಮರು ಕಲಮು, 537, ಹಣಕಾಸಿನ ಸಮಿತಿಯದ್ದು. ಅದು ಪ್ರತಿ ಚರ್ಚಿನಲ್ಲೂ ಇರಲೇಬೇಕು. ಬ್ಯಾಂಕಿನಲ್ಲಿ ಜೀವ ಸವೆಸಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆತ್ಮದ ಲೆಕ್ಕಕ್ಕೆ ಕೊನೆಯಲ್ಲಿ ದೊಡ್ಡ ಆಡಿಟ್ ಇದ್ದೇ ಇದೆ. ಹಣದ್ದಕ್ಕೆ ಇಲ್ಲೇ ಆಗಬೇಕು. ಎರಡೂ ಮಂಡಳಿಗಳು ಸಲಹೆ ಕೊಡಬಹುದು, ತೀರ್ಮಾನ ಫಾದರದ್ದು. ಆದ್ದರಿಂದ ನಮ್ಮ ಮೀಟಿಂಗುಗಳಲ್ಲಿ ಮಾತು ಉದ್ದ, ನಿರ್ಣಯ ಗಿಡ್ಡ. ಪೆಂಡಾಲಿಗೆ ಯಾವ ಬಣ್ಣದ ಬಟ್ಟೆ ಎಂಬುದರ ಮೇಲೆ ರಾತ್ರಿ ಹತ್ತರವರೆಗೆ ಚರ್ಚೆಯಾದದ್ದುಂಟು. ಹಾಸಿಗೆ ಹಿಡಿದವರ ಪಟ್ಟಿ ಓದಲು ಎರಡು ನಿಮಿಷ ಸಾಕಾಗಿತ್ತು.

ಫಾದರುಗಳ ಪಾಡೂ ಸುಖದ್ದಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗ. ಬಂದವರು ಊರಿನ ಹೆಸರುಗಳನ್ನೂ ಜಗಳಗಳನ್ನೂ ಮನೆತನಗಳನ್ನೂ ಕಲಿತು ಮುಗಿಸುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕು. ಪ್ರಸಂಗ ಉದ್ದವಾದರೆ ಬಿಷಪರಿಗೆ ಹೆಸರಿಲ್ಲದ ಒಂದು ಪತ್ರ. ಗಿಡ್ಡವಾದರೆ, ಫಾದರಿಗೆ ತಯಾರಿಯಿಲ್ಲ ಎಂದು ಇನ್ನೊಂದು. ಬೀಳ್ಕೊಡುಗೆಯ ದಿನ ಎಲ್ಲರಿಗಿಂತ ಹೆಚ್ಚು ಅತ್ತವರ ಕೈಬರಹ ನನಗೆ ಚೆನ್ನಾಗಿ ಪರಿಚಯವಿದೆ. ಹೆಸರು ಹೇಳಲಾರೆ, ಅವರ ವಂತಿಗೆ ಯಾವಾಗಲೂ ಸಮಯಕ್ಕೆ ಸರಿಯಾಗಿ ಬರುತ್ತದೆ.

ಈ ಧರ್ಮದಲ್ಲಿ ನಾಯಕನ ಮಾತು ಬಂದಲ್ಲೆಲ್ಲ ಕುರುಬನೂ ಕುರಿಯೂ ಬಂದೇ ಬರುತ್ತಾರೆ. ಕರಾವಳಿಯವನಿಗೆ ಇದು ಕಷ್ಟ. ನಮ್ಮಲ್ಲಿ ಕೋಣವುಂಟು, ಆಡುಂಟು, ಲೆಕ್ಕವಿಲ್ಲದಷ್ಟು ಬೆಕ್ಕುಗಳುಂಟು. ಈ ಮಳೆಗೆ ಕುರಿ ಬಾಳುವುದಿಲ್ಲ. ನಾನು ಮೊದಲು ಕಂಡ ಕುರಿ ಕ್ರಿಸ್ಮಸ್ ಗೋದಲಿಯದ್ದು. ಅದಕ್ಕೆ ಒಂದು ಕಿವಿ ಮುರಿದಿತ್ತು. ಕುರುಬನೆಂದರೆ ಚಿತ್ರಪಟದ ಯೇಸುವಿನ ಹಾಗೆ ಬಿಳಿ ನಿಲುವಂಗಿ ಹಾಕಿ, ಒಂದು ಮರಿಯನ್ನು ಹೆಗಲ ಮೇಲೆ ಹೊತ್ತು, ಕೂದಲು ಬಾಚಿಕೊಂಡು ನಿಲ್ಲುವವನೆಂದೇ ತಿಳಿದಿದ್ದೆ. ಗದಗದ ಕಡೆಗೆ ವರ್ಗವಾದ ಮೇಲೆಯೇ ಅಸಲಿ ಕುರುಬರನ್ನು ಕಂಡದ್ದು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉದ್ದ ಕೋಲು, ಮೈಯೆಲ್ಲ ಧೂಳು. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ. ಆಗತಾನೆ ಹುಟ್ಟಿದ ಮರಿಗಳು ಕುದುರೆಯ ಮೇಲಿನ ಜಾಳಿಗೆಯಲ್ಲಿ ತಲೆ ಹೊರಗೆ ಹಾಕಿಕೊಂಡು ಸವಾರಿ ಮಾಡುತ್ತಿದ್ದವು.

ಕುರಿಸಾಲ ಕೊಡುವುದು ನನ್ನ ಕೆಲಸ. ಸಾಲದ ಕುರಿಗೆ ವಿಮೆ ಮಾಡಿಸಬೇಕು, ವಿಮೆಯ ಕುರಿಗೆ ಕಿವಿಯಲ್ಲಿ ನಂಬರಿನ ಬಿಲ್ಲೆ ಇರಬೇಕು. ಕುರಿ ಸತ್ತರೆ ಬಿಲ್ಲೆ ತಂದು ತೋರಿಸಿದರೇ ದುಡ್ಡು. ನಾನು ಪುಸ್ತಕ ಹಿಡಿದು ಒಂದೊಂದೇ ಬಿಲ್ಲೆಯ ನಂಬರು ಹೊಂದಿಸುತ್ತಿದ್ದರೆ, ಸಾಲಗಾರ ಅಜ್ಜ ನನ್ನನ್ನು ಕನಿಕರದಿಂದ ನೋಡುತ್ತಿದ್ದ. ಒಂದು ಸಂಜೆ ಹಿಂಡು ಹಟ್ಟಿಗೆ ಬಂತು. ಅವನು ಎಣಿಸಲಿಲ್ಲ, ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿದ. "ಮಂಜಿ ಬಂದಿಲ್ರೀ" ಎಂದು ಬಂದ ದಾರಿಯಲ್ಲೇ ತಿರುಗಿ ನಡೆದ. ಕಿವಿಗೆ ಬಿಲ್ಲೆಯಿಲ್ಲದ, ಸಾಲಕ್ಕೂ ವಿಮೆಗೂ ಸಂಬಂಧವಿಲ್ಲದ ಒಂದು ಮುದಿ ಕುರಿ ಅದು. ನನ್ನ ಪುಸ್ತಕದ ಪ್ರಕಾರ ಹಿಂಡು ಸರಿಯಾಗಿಯೇ ಇತ್ತು. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಲು ಹೋದವನ ಸಾಮತಿಯನ್ನು ಚಿಕ್ಕಂದಿನಿಂದ ಕೇಳಿದ್ದ ನನಗೆ, ನೂರರಲ್ಲಿ ಒಂದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಹೇಗೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಪೋಪ್ ಫ್ರಾನ್ಸಿಸ್ 2013ರ ಮಾರ್ಚ್ 28ರ ಬೆಳಿಗ್ಗೆ, ಪಾಲಕರಾದವರ ಮೈಗೆ ಕುರಿಯ ವಾಸನೆ ಅಂಟಿರಬೇಕು ಎಂದು ಗುರುಗಳಿಗೆ ಹೇಳಿದರು. ಅದೇ ದಿನ ಸಂಜೆ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು; ಮುಸಲ್ಮಾನರೂ ಇದ್ದರು. ಅಲ್ಲಿಯವರೆಗೆ ಪವಿತ್ರ ಗುರುವಾರದ ಈ ವಿಧಿಯಲ್ಲಿ ಗಂಡಸರ ಕಾಲುಗಳಿಗೆ ಮಾತ್ರ ಅವಕಾಶ. 2016ರ ಜನವರಿಯಲ್ಲಿ ನಿಯಮವೇ ತಿದ್ದುಪಡಿಯಾಗಿ ಹೆಂಗಸರ ಕಾಲುಗಳೂ ಸೇರಿದವು.

ಇದರಿಂದ ಗುರ್ಕಾರನಿಗೆ ಒಂದು ಹೊಸ ಕೆಲಸ ಬಂತು. ಕಾಲುಗಳನ್ನು ಹುಡುಕುವುದು. ಇದು ಸುಲಭವೆಂದು ತಿಳಿಯಬೇಡಿ. ಯೇಸು ಕಾಲು ತೊಳೆದ ಆ ರಾತ್ರಿ ಶಿಷ್ಯರು ಬೀದಿಯ ಧೂಳು ಮೆತ್ತಿಕೊಂಡ ಕಾಲಿನಲ್ಲೇ ಬಂದಿದ್ದರು. ನಮ್ಮವರು ಹಾಗಲ್ಲ. ಫಾದರ್ ತೊಳೆಯುವುದಕ್ಕೆ ಮೊದಲು ಮನೆಯಲ್ಲಿ ಮೂರು ಸಲ ಸಾಬೂನು ಹಚ್ಚಿ ತೊಳೆದು, ಉಗುರು ಕತ್ತರಿಸಿ, ಪೌಡರ್ ಹಾಕಿ, ಹೊಸ ಚಪ್ಪಲಿ ಮೆಟ್ಟಿ ಬರುತ್ತಾರೆ. ಅಷ್ಟು ಶುಭ್ರವಾದ ಕಾಲುಗಳ ಮೇಲೆ ಫಾದರ್ ನೀರು ಹೊಯ್ಯುವಾಗ, ಈಗ ಇವು ಕೊಳೆಯಾದಾವು ಎಂದು ನನಗೆ ಹೆದರಿಕೆಯಾಗುತ್ತಿತ್ತು.

ಒಂದು ವರ್ಷ ನಮ್ಮ ವಾಡೊದಿಂದ ಗುಡ್ಡೆಮನೆ ಮಾವ್ಶಿಯನ್ನು ಕಳಿಸೋಣವೆಂದುಕೊಂಡೆ. ಊರಿಗೆಲ್ಲ ಆಕೆ ಮಾವ್ಶಿ, ನನಗಿಂತ ದೊಡ್ಡವಳೇನಲ್ಲ. ಗಂಡ ಹೋದ ಮೇಲೆ ಬೀಡಿ ಕಟ್ಟಿ ಮೂರು ಮಕ್ಕಳನ್ನು ದಡ ಮುಟ್ಟಿಸಿದವಳು. ಹೋಗಿ ಕೇಳಿದರೆ, ಮಡಿಲಿನ ಗೆರಸೆಯಿಂದ ಕಣ್ಣೆತ್ತದೆಯೇ, "ಬೇಡ ಗುರ್ಕಾರ್ರೇ. ನನ್ನ ಹಿಮ್ಮಡಿ ನೋಡಿದ್ದೀರಾ? ಫಾದರ್ ಕೈಗೆ ಗೀರಾದೀತು" ಎಂದಳು.

"ಪೇತ್ರನೂ ಮೊದಲು ಬೇಡವೆಂದಿದ್ದ" ಎಂದೆ ನಾನು, ಗುರ್ಕಾರನ ಧಾಟಿಯಲ್ಲಿ.

"ಪೇತ್ರನಿಗೆ ಬೀಡಿ ಕಟ್ಟಲಿಕ್ಕಿರಲಿಲ್ಲ. ಗುರುವಾರ ಬೀಡಿ ಬ್ರಾಂಚಿಗೆ ಲೆಕ್ಕ ಕೊಡಬೇಕು."

ಕೊನೆಗೆ ಬಂದಳು. ಮೂರು ಸಲ ಸಾಬೂನು ಹಚ್ಚುವಷ್ಟು ಪುರುಸೊತ್ತು ಅವಳಿಗಿರಲಿಲ್ಲವೆಂದು ಕಾಣುತ್ತದೆ. ಗುಡ್ಡೆಯ ಕೆಂಪು ಮಣ್ಣು ಹಿಮ್ಮಡಿಯ ಬಿರುಕುಗಳಲ್ಲಿ ಹಾಗೇ ಇತ್ತು. ಆ ಸಂಜೆ ಹನ್ನೆರಡು ಜೋಡಿಯಲ್ಲಿ ನಿಜವಾಗಿ ತೊಳೆಸಿಕೊಂಡದ್ದು ಅದೊಂದೇ ಜೋಡಿ. ಫಾದರ್ ಬಗ್ಗಿ, ತೊಳೆದು, ಒರೆಸಿ, ವಾಡಿಕೆಯಂತೆ ಮುತ್ತಿಟ್ಟು, ಬೋಗುಣಿ ಹಿಡಿದ ಹುಡುಗನ ಭುಜ ಹಿಡಿದು ಎದ್ದರು. ಪೂಜೆ ಮುಗಿದು ಹೊರಗೆ ಬಂದ ಕೂಡಲೇ ನಾನು ಮಾವ್ಶಿಯನ್ನು ಹೇಗನ್ನಿಸಿತೆಂದು ಕೇಳಿದೆ. ಏನಾದರೂ ಭಕ್ತಿಯ ಮಾತು ಬಂದೀತೆಂದು ಕಾದಿದ್ದೆ.

"ಫಾದರಿಗೆ ಸೊಂಟನೋವು ಜೋರುಂಟು. ಏಳುವಾಗ ನೋಡಿದೆ. ಅವರು ಯಾರಿಗೂ ಹೇಳಿಲ್ಲ. ನಾಳೆ ಎಣ್ಣೆ ಕಾಯಿಸಿ ಕಳಿಸ್ತೇನೆ, ನೀವು ಕೊಂಡುಹೋಗಿ ಕೊಡಿ" ಎಂದಳು. ನಾನು ಕಾಲುಗಳನ್ನು ನೋಡಿದ್ದೆ. ಆಕೆ ತೊಳೆದವನನ್ನು ನೋಡಿದ್ದಳು.

ನನ್ನ ಅವಧಿಯ ಕೊನೆಕೊನೆಗೆ ನಾನು ಜನರ ಗುರ್ಕಾರನಾಗಿ ಉಳಿಯದೆ ಬೀಗಗಳ ಗುರ್ಕಾರನಾಗಿದ್ದೆ. ಮೊದಲು ಒಂದು ಮನೆ ಮುಚ್ಚಿತು, ಮಗ ಕುವೈತಿನಿಂದ ಬಂದು ತಾಯಿಯನ್ನು ಕರೆದುಕೊಂಡು ಹೋದ. ಆಮೇಲೆ ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಹೋದವರೂ ಇದ್ದಾರೆ. ಅವರ ಮನೆಯ ಮುದುಕರನ್ನು ನೋಡಿಕೊಳ್ಳಲು ಇಲ್ಲಿ ಒಬ್ಬಳು ಹೋಂ ನರ್ಸ್. ಹೋಗುವವರೆಲ್ಲ ಬೀಗದ ಕೈಯನ್ನು ನನ್ನಲ್ಲಿ ಕೊಟ್ಟು ಹೋಗುತ್ತಿದ್ದರು, ಗುರ್ಕಾರ ಅಂದ ಮೇಲೆ ಅವನಲ್ಲದೆ ಇನ್ನು ಯಾರಲ್ಲಿ ಕೊಡುವುದು? ಗೊಂಚಲು ದಪ್ಪವಾಗುತ್ತ ಬಂತು. ಹೆಂಡತಿ ಅದನ್ನು ನೋಡಿ, ಸಂತ ಪೇತ್ರನಿಗೂ ಎರಡೇ ಕೀಲಿ ಇರುವುದು ಎಂದಳು. ಸಂಜೆ ಒಂದು ಮನೆಯ ಜಗಲಿಯ ಲೈಟು ಹಾಕಿ, ಇನ್ನೊಂದು ಮನೆಯ ಪಂಪು ಓಡಿಸಿ, ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಕಿಟಕಿಗಳನ್ನು ತೆರೆದು, ಗೆದ್ದಲು ಹತ್ತಿದ್ದರೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ ಬರುವುದು. ಕೆಂಪು ದೀಪದಡಿಯ ಯೇಸುವಿನ ಪಟ ಖಾಲಿ ಕುರ್ಚಿಗಳನ್ನು ನೋಡುತ್ತಿರುತ್ತದೆ. ಆ ಮನೆಗಳಲ್ಲಿ ಅಕ್ಟೋಬರಿನ ಜಪಸರಕ್ಕೆ ಕೂರಲು ಜಾಗವಿಲ್ಲದೆ ನಾವು ಹುಡುಗರು ಅಂಗಳದಲ್ಲಿ ನಿಂತು, ಜಪದ ನಡುವೆ ಒಳಗಿನಿಂದ ಬರುವ ಕಡಲೆಯ ಪರಿಮಳಕ್ಕೆ ಮೂಗು ಅರಳಿಸುತ್ತಿದ್ದೆವು.

ನವೆಂಬರ್ 2, ಸಕಲ ಮೃತರ ದಿನ. ಸಿಮಿತ್ರಿಯಲ್ಲಿ ಮೊಂಬತ್ತಿ ಹಚ್ಚಿ, ಹೂವಿಟ್ಟು, ಪ್ರತಿಯೊಂದು ಮನೆಯ ಸಮಾಧಿಯ ಮುಂದೆ ಫೋನು ಹಿಡಿದು ನಿಲ್ಲುವುದೂ ನನ್ನ ಪಾಲಿಗೆ ಬಂತು. ಟೊರೊಂಟೊದಲ್ಲಿ ನಿದ್ದೆಗಣ್ಣಿನಲ್ಲಿ ಎದ್ದು ಕೂತ ಮೊಮ್ಮಗ ವಿಡಿಯೋದಲ್ಲಿ, "ಅಂಕಲ್, ಸ್ವಲ್ಪ ಎಡಕ್ಕೆ... ಅದಲ್ಲ, ಅದು ಬೇರೆಯವರ ಅಜ್ಜಿ" ಎನ್ನುತ್ತಿದ್ದ. ನಾನು ಎಡಕ್ಕೆ ಸರಿದೆ. ಅವನು ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಸಿಗ್ನಲ್ ಹೋಯಿತು. ಅಜ್ಜಿಯ ಮುಂದೆ ನಾನೊಬ್ಬನೇ ನಿಂತಿದ್ದೆ. ಆಕೆ ಇದ್ದಾಗ ನನ್ನ ಮೇಲೆ ಅವಳಿಗೆ ಅಷ್ಟೇನೂ ಅಭಿಮಾನವಿರಲಿಲ್ಲ, ಮಾವಿನಕಾಯಿಯ ಹಳೆಯ ಲೆಕ್ಕವೊಂದಿತ್ತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಆಶೀರ್ವಾದ ಮಾಡಿದ ಭತ್ತದ ತೆನೆಗಳನ್ನು ಮನೆಗೊಂದರಂತೆ ಹಂಚುವುದು ವಾಡಿಕೆ. ಅದರ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಯವರೆಲ್ಲ ಒಟ್ಟಿಗೆ ತಿನ್ನಬೇಕು. ಈಗ ನಮ್ಮ ಊರಿನಲ್ಲಿ ಗದ್ದೆಯೇ ಅಪರೂಪ. ಅಜ್ಜ ಡಿಕ್ಲರೇಶನ್ ಕೊಟ್ಟು ಪಡೆದ ಗದ್ದೆಯಲ್ಲಿ ಅಡಿಕೆ ನಿಂತಿದೆ. ಹಬ್ಬಕ್ಕೆ ತೆನೆ ಬೇರೆ ಊರಿನಿಂದ ಬರುತ್ತದೆ. ಬೀಗ ಹಾಕಿದ ಮನೆಗಳಿಗೆ ತೆನೆ ತೆಗೆದಿಡಬೇಕೋ ಬೇಡವೋ ಎಂಬ ಪ್ರಶ್ನೆ ಮಂಡಳಿಯಲ್ಲಿ ಬಂತು. ವ್ಯರ್ಥವಾಗುತ್ತದೆ ಎಂದರು ಕೆಲವರು. ವಂತಿಗೆ ಬ್ಯಾಂಕಿಗೆ ಸರಿಯಾಗಿ ಬರುತ್ತದಲ್ಲ, ತೆನೆ ಯಾಕಿಲ್ಲ ಎಂದೆ ನಾನು. ಹಣಕಾಸಿನ ಭಾಷೆ ಎಲ್ಲರಿಗೂ ಅರ್ಥವಾಯಿತು. ಒಂದೊಂದು ಬೀಗ ತೆಗೆದು ಪಟದ ಮೊಳೆಗೆ ತೆನೆ ಸಿಕ್ಕಿಸಿ ಬರುತ್ತಿದ್ದೆ. ನಾಲ್ಕು ಕಾಳು ಸುಲಿದು ಲಕೋಟೆಯಲ್ಲಿ ಹಾಕಿ ಕಳಿಸಿ ಎಂದು ಕೇಳಿದವರಿಗೆ ಕಳಿಸಿದೆ.

ಅರಣ್ಯದಲ್ಲಿ ಒಮ್ಮೆ ಮೋಶೆಗೂ ಸಾಕಾಗಿ, ಈ ಜನರನ್ನೆಲ್ಲ ನಾನೇ ಹೆತ್ತೆನೇ, ಮೊಲೆಗೂಸಿನಂತೆ ಎದೆಗೊತ್ತಿಕೊಂಡು ಹೊರಲು, ಎಂದು ದೇವರೊಂದಿಗೇ ಜಗಳ ತೆಗೆದಿದ್ದ. ದೇವರು ಅವನ ಮೇಲೆ ಸಿಟ್ಟಾಗಲಿಲ್ಲ, ಹೊರೆ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರನ್ನು ಒಟ್ಟುಮಾಡಲು ಹೇಳಿದ. ನನ್ನ ಅವಧಿ ಮುಗಿದಾಗ ನಮಗೆ ಎಪ್ಪತ್ತು ಬೇಕಿರಲಿಲ್ಲ, ಒಬ್ಬರು ಸಾಕಿತ್ತು. ಎಣ್ಣೆಮರ, ಅಂಜೂರ, ದ್ರಾಕ್ಷಿಗಳೆಲ್ಲ ಮತ್ತೆ ತಮ್ಮ ತಮ್ಮ ಕಾರಣ ಹೇಳಿದವು. ಆಗ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದ ಗುಡ್ಡೆಮನೆ ಮಾವ್ಶಿ, "ನಾನು ಹೇಗೂ ಬ್ರಾಂಚಿಗೆ ನಡೆದು ಹೋಗುವವಳು, ದಾರಿಯಲ್ಲೇ ಎಲ್ಲ ಮನೆ ಸಿಗುತ್ತದೆ" ಎಂದಳು. ಹೆಂಗಸು ಗುರ್ಕಾರಳಾಗಬಹುದೇ ಎಂದು ಒಬ್ಬರು ಅನುಮಾನಿಸಿದರು. ಹಾಗಾದರೆ ನೀವಾಗಿ ಎಂದು ಫಾದರ್ ಹೇಳಿದ ಕೂಡಲೇ ಅವರ ಅನುಮಾನ ಪರಿಹಾರವಾಯಿತು. ಧನಿಗಳ ಮೊಮ್ಮಗನೂ ಸಭೆಯಲ್ಲಿದ್ದ. ಚಪ್ಪಾಳೆ ಮೊದಲು ತಟ್ಟಿದವನು ಅವನು. ಗೊಂಚಲು ಅವಳ ಕೈಗೆ ಕೊಟ್ಟೆ. ಒಂದೊಂದು ಕೀಲಿಗೂ ನಾನು ನಂಬರಿನ ಚೀಟಿ ಅಂಟಿಸಿ, ಪಟ್ಟಿ ಮಾಡಿ, ಸಹಿ ಹಾಕಿ ಇಟ್ಟಿದ್ದೆ. ಅವಳು ಪಟ್ಟಿಯನ್ನು ಮಡಚಿ ನನಗೇ ವಾಪಸು ಕೊಟ್ಟಳು. ಯಾವ ಬೀಗಕ್ಕೆ ಯಾವ ಕೈ ಎಂದು ಅವಳಿಗೆ ಗೊತ್ತಿತ್ತು.

ಮೊನ್ನೆ ನನಗೆ ಜ್ವರ. ಹೆಂಡತಿ ಮಗಳ ಮನೆಗೆ ಹೋಗಿದ್ದಳು. ಭಾನುವಾರ ಪೂಜೆ ತಪ್ಪಿತು. ಸೋಮವಾರ ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ಒಂದು ಕೈಯಲ್ಲಿ ಬೀಡಿಯ ಬುಟ್ಟಿ, ಇನ್ನೊಂದರಲ್ಲಿ ಗಂಜಿಯ ತೂಕುಪಾತ್ರೆ.

"ನಿನ್ನೆ ನಿಮ್ಮ ಕಂಬದ ಹತ್ತಿರ ನೀವಿರಲಿಲ್ಲ" ಎಂದಳು, ಒಳಗೆ ಬಂದು ಕಿಟಕಿ ತೆರೆಯುತ್ತ.

"ಸ್ವಲ್ಪ ಜ್ವರ ಮಾರಾಯ್ತಿ."

"ಹಾಗಂತ ಲೆಕ್ಕ ಹಾಕಿದೆ. ಬಾಯಮ್ಮ ಊರಲ್ಲಿಲ್ಲ, ಲೈಟು ರಾತ್ರಿಯಿಡೀ ಉರಿಯುತ್ತಿತ್ತು. ಬಿಸಿ ಇರುವಾಗಲೇ ಕುಡಿಯಿರಿ. ಉಪ್ಪು ಕಮ್ಮಿಯಾದರೆ ಹಾಕಿಕೊಳ್ಳಿ."

ನಾನು ಕುಡಿಯುವವರೆಗೆ ಜಗಲಿಯ ಮೇಲೆ ಕೂತು ಒಂದು ಕಟ್ಟು ಬೀಡಿ ಮುಗಿಸಿದಳು. ಪಾತ್ರೆ ತೊಳೆದು ಬುಟ್ಟಿಗೆ ಹಾಕಿ, ಮೆಟ್ಟಿಲಿಳಿಯುವಾಗ ನೆನಪಾದವಳಂತೆ ತಿರುಗಿದಳು.

"ಮತ್ತೆ, ಈ ವರ್ಷದ ವಂತಿಗೆ ನಿಮ್ಮದೊಂದೇ ಬಾಕಿ ಇರುವುದು. ಜ್ವರ ಬಿಟ್ಟ ಮೇಲೆ ಕೊಟ್ಟರೆ ಸಾಕು. ಆದರೆ ಶನಿವಾರದ ಒಳಗೆ ಬಿಡಬೇಕು."